ಪರದೆಯ ಹಿಂದಿನ ಚಾಪೆ

ಆಗ ಹೊಳೆಗೆ ಸೇತುವೆ ಇರಲಿಲ್ಲ, ಊರಿಗೆ ಕರೆಂಟು ಬಂದಿರಲಿಲ್ಲ. ಯಾವ ವರ್ಷ ಅಂತ ಕೇಳಬೇಡಿ, ನನಗೆ ಈ ಕಥೆ ಹೇಳಿದ ಅಜ್ಜಿಗೂ ಅದು ಗೊತ್ತಿರಲಿಲ್ಲ. ಹೊಳೆದಂಡೆಯ ಒಂದು ಊರಿಗೆ, ನಮ್ಮದೇ ಊರು ಅಂತಲೇ ತಿಳಿಯಿರಿ, ಸುಗ್ಗಿ ಮುಗಿದ ಮೇಲೆ ದಾವಲಸಾಬ ಎಂಬವನು ಸಿನಿಮಾದ ಬಂಡಿ ಹೊಡೆದುಕೊಂಡು ಬಂದು ಡೇರೆ ಹಾಕುತ್ತಿದ್ದನಂತೆ.

ಅವನ ಪರದೆ ಒಗೆದು ಹರವಿದರೆ ಅರ್ಧ ಹೊಳೆ ಮುಚ್ಚುತ್ತಿತ್ತು ಅನ್ನುತ್ತಾರೆ. ಅವನ ಎತ್ತುಗಳು ಚಿತ್ರ ನೋಡಿ ಕಣ್ಣೀರು ಹಾಕುತ್ತಿದ್ದವು ಅಂತಲೂ ಅನ್ನುತ್ತಾರೆ. ಎತ್ತಿನ ಮಾತು ನಾನು ನಂಬುವುದಿಲ್ಲ, ಉಳಿದದ್ದನ್ನು ನಂಬುತ್ತೇನೆ.

ರಾಜರಾಣಿಯರ ಚಿತ್ರ ಎಲ್ಲರೂ ತರುತ್ತಿದ್ದರು. ದಾವಲಸಾಬನ ರೀತಿ ಬೇರೆ. ಅವನ ಹತ್ತಿರ ಕೈಯಿಂದ ತಿರುಗಿಸುವ ಕ್ಯಾಮೆರಾ ಒಂದಿತ್ತು. ಊರಿಗೆ ಬಂದವನೇ ಊರವರನ್ನೇ ಚಿತ್ರ ಹಿಡಿಯುತ್ತಿದ್ದನಂತೆ. ಕುಂಬಾರ ತಿಗರಿ ತಿರುಗಿಸುವುದು, ಹೆಂಗಸರು ರೊಟ್ಟಿ ಬಡಿಯುವುದು, ಅಂಬಿಗ ದೋಣಿಗೆ ಹುಟ್ಟು ಹಾಕುವುದು. ಬಂಡಿಯ ಕೆಳಗೆ ಕಂಬಳಿಯ ಕತ್ತಲೆ ಮಾಡಿಕೊಂಡು ಅದನ್ನು ತಾನೇ ತೊಳೆದು ಒಣಗಿಸಿ, ದೊಡ್ಡ ಚಿತ್ರಕ್ಕೆ ಮೊದಲು ತೋರಿಸುತ್ತಿದ್ದನಂತೆ. ಅದಕ್ಕೆ ಅವನು ಇಟ್ಟ ಹೆಸರು ಖರೇ ಚಿತ್ರ. ಕಟ್ಟಿದ ಕಥೆ ಅಲ್ಲ, ಬದುಕಿದ್ದೇ ಚಿತ್ರ.

ಅದಕ್ಕೊಂದು ಪದ್ಧತಿ ಇತ್ತು. ಪರದೆ ಮೇಲೆ ಒಬ್ಬರ ಮುಖ ಬಂದರೆ ದಾವಲಸಾಬ ಚಿತ್ರ ಬಿಡುವ ಯಂತ್ರದ ಹಿಡಿಕೆ ನಿಲ್ಲಿಸುತ್ತಿದ್ದ. ಕೂತವರು ಆ ಮುಖದ ಹೆಸರು ಕೂಗಬೇಕು. ಕೂಗಿದ ಮೇಲೆಯೇ ಮುಂದಿನ ಚಿತ್ರ. ದೀಪದ ಮುಂದೆ ಚಿತ್ರದ ಸುರುಳಿ ಬಹಳ ಹೊತ್ತು ನಿಂತರೆ ಸುಟ್ಟುಹೋಗುತ್ತದೆ ಅಂತ ಅವನಿಗೆ ಗೊತ್ತಿತ್ತು. ಆದರೆ ಅಷ್ಟು ಹೊತ್ತು ನಿಲ್ಲುವ ಪ್ರಸಂಗವೇ ಬರುತ್ತಿರಲಿಲ್ಲ. ಮುಖ ಕಂಡ ಕೂಡಲೇ ಡೇರೆ ಹಾರಿಹೋಗುವ ಹಾಗೆ ಊರು ಹೆಸರು ಕೂಗುತ್ತಿತ್ತಂತೆ. ಬಡವ ಬಲ್ಲಿದ ಅಂತ ಇರಲಿಲ್ಲ, ಕಳ್ಳನ ಹೆಸರನ್ನೂ ಪ್ರೀತಿಯಿಂದಲೇ ಕೂಗಿದ್ದರಂತೆ.

ಆ ಊರಿನ ಅಂಚಿನಲ್ಲಿ ಬಾಳವ್ವ ಅಂತ ಒಬ್ಬಳು ಜೋಗಪ್ಪ ಇದ್ದಳು. ಹುಟ್ಟಿದಾಗ ಗಂಡು, ಇಟ್ಟ ಹೆಸರು ಬಾಳಪ್ಪ. ಮೀಸೆ ಮೂಡುವ ವಯಸ್ಸಿಗೆ, ನಾನು ಹೆಣ್ಣು, ಯಲ್ಲಮ್ಮ ನನ್ನನ್ನು ಕರೆದಿದ್ದಾಳೆ ಅಂತ ಹೇಳಿ ಸೀರೆ ಉಟ್ಟಳು, ದೇವಿಯ ಕೊಡ ತಲೆ ಮೇಲೆ ಹೊತ್ತಳು. ಮಂಗಳವಾರ, ಶುಕ್ರವಾರ ಅವಳು ಕೊಡ ಹೊತ್ತು ಬಂದರೆ ಊರೇ ಕಾಲಿಗೆ ಬೀಳುತ್ತಿತ್ತು, ಮೊರದ ತುಂಬ ಜೋಳ ನೀಡುತ್ತಿತ್ತು. ಹೆತ್ತ ತಾಯಿ ಫಕೀರವ್ವನೂ ನೀಡುತ್ತಿದ್ದಳು, ಭಂಡಾರ ಹಚ್ಚಿಕೊಂಡು ಕೈ ಮುಗಿಯುತ್ತಿದ್ದಳು. ಅದು ದೇವಿಗೆ. ಕೊಡ ಇಳಿಸಿದ ಮೇಲೆ ಬಾಳವ್ವನಿಗೆ ಆ ಮನೆಯ ಹೊಸ್ತಿಲು ಇರಲಿಲ್ಲ. ಮಗ ಹೋದ ಅಂತ ಫಕೀರವ್ವ ಅತ್ತಿದ್ದಳು, ಮಗಳು ಬಂದಳು ಅಂತ ಒಂದು ದಿನವೂ ಅಂದಿರಲಿಲ್ಲ. ತಾಯಿಯೇ ಕರೆಯದ ಹೆಸರನ್ನು ನಾವು ಹೇಗೆ ಕರೆಯುವುದು ಅಂತ ಊರೂ ಸುಮ್ಮನಿತ್ತು.

ಒಂದು ವರ್ಷ ದಾವಲಸಾಬ ಬಾಳವ್ವನ ಗುಡಿಸಲಿಗೆ ಹೋದನಂತೆ. ಕೊಡ ಹೊತ್ತು ನಿಲ್ಲಲೇನು ಅಂತ ಅವಳು ಕೇಳಿದಳಂತೆ. ಬೇಡ, ನೀನು ದಿನಾ ಹೇಗಿರುತ್ತೀಯೋ ಹಾಗೇ ಇರು ಅಂದನಂತೆ. ಅವಳು ತಲೆ ಬಾಚಿಕೊಂಡಳು, ಎಮ್ಮೆ ಮೈ ತೊಳೆದಳು, ಒಲೆ ಊದಿ ಹೊಗೆಗೆ ಕಣ್ಣು ಒರೆಸಿಕೊಂಡಳು, ಕೊನೆಗೆ ಕ್ಯಾಮೆರಾ ನೋಡಿ ನಾಚಿ ನಕ್ಕಳು. ಅವನು ಎಲ್ಲ ಹಿಡಿದ. ಹೊರಟವನಿಗೆ ಅವಳು ಹೇಳಿದ್ದು ಒಂದೇ ಮಾತಂತೆ.

"ಸಾಬಣ್ಣ, ಊರು ಕರೀಲಿ, ಬಿಡ್ಲಿ. ನಮ್ಮವ್ವ ಒಮ್ಮೆ ನನ್ನ ಹೆಸರು ಕರದ್ರ ಸಾಕು ನೋಡು."

"ಕರೀತಾಳ ತಗೋ ತಂಗಿ. ಕರಿಯೋ ತನಕ ನಾ ಹಿಡಿಕಿ ತಿರುವಂಗಿಲ್ಲ," ಅಂದನಂತೆ ದಾವಲಸಾಬ. ಆಡಬಾರದ ಮಾತು ಆಡಿದ.

ಆ ಸಂಜೆ ಡೇರೆ ತುಂಬಿತ್ತು. ಬಾಳವ್ವನಿಗೆ ಜನರ ಮುಂದೆ ಕೂರುವ ಧೈರ್ಯ ಬರಲಿಲ್ಲ. ಪರದೆಯ ಹಿಂದೆ ಚಾಪೆ ಹಾಸಿಕೊಂಡು ಕೂತಳಂತೆ. ಅಲ್ಲಿಂದ ಚಿತ್ರ ಎಡಬಲ ಅದಲುಬದಲಾಗಿ ಕಾಣುತ್ತದೆ, ಆದರೆ ಕೂಗಿದ್ದು ಚೆನ್ನಾಗಿಯೇ ಕೇಳುತ್ತದೆ.

ಹಿಂದಿನ ದಿನ ತೋರಿಸಿದ ದೊಡ್ಡ ಚಿತ್ರದಲ್ಲಿ ಹಾಸ್ಯದವನೊಬ್ಬ ಸೀರೆ ಉಟ್ಟು ಸೊಂಟ ತಿರುಗಿಸಿದ್ದಕ್ಕೆ ಇದೇ ಜನ ಹೊಟ್ಟೆ ಹುಣ್ಣಾಗುವ ಹಾಗೆ ನಕ್ಕಿದ್ದರಂತೆ. ನಗುವುದು ಅವರಿಗೆ ಬರುತ್ತಿತ್ತು. ಕೈ ಮುಗಿಯುವುದೂ ಬರುತ್ತಿತ್ತು. ಅಂಬಿಗನ ಮುಖ ಬಂತು, ಕೂಗಿದರು. ಕುಂಬಾರನ ಮುಖ ಬಂತು, ಕೂಗಿದರು. ಆಮೇಲೆ ಕೊಡವಿಲ್ಲದೆ, ಭಂಡಾರವಿಲ್ಲದೆ ಬಾಳವ್ವ ಪರದೆ ಮೇಲೆ ಬಂದಳು, ಒಲೆ ಊದಿ ಕಣ್ಣು ಒರೆಸಿಕೊಂಡಳು, ಒದ್ದೆ ಕೈ ಸೆರಗಿಗೆ ಒರೆಸಿಕೊಳ್ಳುತ್ತ ನಕ್ಕಳು. ದಾವಲಸಾಬ ಹಿಡಿಕೆ ನಿಲ್ಲಿಸಿದ.

ಯಾರೂ ಕೂಗಲಿಲ್ಲ.

ಎಲ್ಲರೂ ಫಕೀರವ್ವನ ಕಡೆ ತಿರುಗಿದರಂತೆ. ಅವಳು ಪರದೆಯನ್ನೇ ನೋಡುತ್ತಿದ್ದಳು. ಒಲೆ ಊದಿ ಕಣ್ಣು ಒರೆಸುವ ರೀತಿ ತನ್ನದೇ, ಒದ್ದೆ ಕೈ ಸೆರಗಿಗೆ ಒರೆಸುತ್ತ ನಗುವುದೂ ತನ್ನದೇ. ಅವಳ ತುಟಿ ಅಲ್ಲಾಡಿತು ಅನ್ನುತ್ತಾರೆ. ಯಾವ ಹೆಸರು ಕರೆಯಲಿ ಅಂತ ತಡವರಿಸಿದಳು ಅನ್ನುತ್ತಾರೆ. ನಾಲ್ಕು ಜನ ಏನಂದಾರು ಅಂತ ಹೆದರಿದಳು ಅಂತಲೂ ಅನ್ನುತ್ತಾರೆ. ದಾವಲಸಾಬ ಕಾದ. ಕೊಟ್ಟ ಮಾತು ಹಿಡಿದುಕೊಂಡು ಕಾದ. ದೀಪದ ಕಾವು ಅವನಿಗೆ ಮರೆತೇಹೋಗಿತ್ತು.

ಬಾಳವ್ವನ ಕೆನ್ನೆಯ ಮೇಲೆ ಮೊದಲು ಕಂದು ಬಣ್ಣದ ಚುಕ್ಕಿ ಎದ್ದಿತಂತೆ. ಅದು ಹರಡಿತು, ನಗು ಮುದುಡಿತು. ಆಗ ಫಕೀರವ್ವ ಎದ್ದು ನಿಂತು "ಬಾಳವ್ವಾ, ನನ್ನ ಮಗಳ," ಅಂತ ಕೂಗಿದಳಂತೆ. ಪರದೆ ಮೇಲೆ ಆಗ ಬರೀ ಬಿಳಿ ಬೆಳಕಿತ್ತು. ಸುರುಳಿ ಪೂರಾ ಹೊತ್ತಿಕೊಂಡಿತ್ತು, ಹೊಗೆ ತುಂಬಿ ಜನ ಹೊರಗೆ ಓಡಿದರು. ಫಕೀರವ್ವ ಮಾತ್ರ ಒಳಗೆ, ಪರದೆಯ ಹಿಂದಕ್ಕೆ ಓಡಿದಳು. ಅಲ್ಲಿ ಚಾಪೆ ಇತ್ತು, ಬಾಳವ್ವ ಇರಲಿಲ್ಲ. ಅವಳು ಯಾವಾಗ ಎದ್ದು ಹೋದಳೋ, ಆ ಕೂಗು ಕೇಳಿಯೇ ಹೋದಳೋ ಕೇಳದೆಯೇ ಹೋದಳೋ ಯಾರಿಗೂ ಗೊತ್ತಿಲ್ಲ. ನನಗೆ ಇವತ್ತಿಗೂ ಸಂಕಟ ಆಗುವುದು ಅದೊಂದಕ್ಕೇ.

ದಾವಲಸಾಬ ಆಮೇಲೆ ಊರೂರು ಅಲೆದನಂತೆ, ಅವಳ ಚಿತ್ರ ಇನ್ನೊಮ್ಮೆ ಹಿಡಿಯಬೇಕು ಅಂತ. ಸಿಕ್ಕಲಿಲ್ಲ. ಬೇರೆ ಬೇರೆ ಊರಿನ ಜೋಗಪ್ಪಂದಿರ ಚಿತ್ರ ಹಿಡಿದು ತೋರಿಸಿದನಂತೆ, ಆದರೆ ಹಿಡಿಕೆ ನಿಲ್ಲಿಸುವ ಪದ್ಧತಿ ಬಿಟ್ಟನಂತೆ. ಫಕೀರವ್ವ ಹುಣ್ಣಿಮೆಗೆ ಯಲ್ಲಮ್ಮನ ಗುಡ್ಡಕ್ಕೆ ಹೋಗಿ, ಕೊಡ ಹೊತ್ತವರ ಮುಖವನ್ನೆಲ್ಲ ನೋಡುತ್ತ ಮುದುಕಿಯಾದಳು.

ಈಗ ಆ ಡೇರೆ ಇಲ್ಲ. ಆದರೂ ಊರಲ್ಲಿ ಎಲ್ಲಿ ಪರದೆ ಕಟ್ಟಿ ಚಿತ್ರ ತೋರಿಸಿದರೂ ಮೊದಲು ಬರೀ ಬೆಳಕು ಬಿಡುತ್ತಾರೆ. ಕೂತವರಲ್ಲಿ ಹಿರಿಯ ಹೆಂಗಸು ಎದ್ದು "ಬಾಳವ್ವಾ" ಅಂತ ಕರೆಯುತ್ತಾಳೆ, ಆಮೇಲೆ ಊರೆಲ್ಲ ಕರೆಯುತ್ತದೆ. ಯಾರೂ ತಡವರಿಸುವುದಿಲ್ಲ, ಯಾರೂ ಅತ್ತಿತ್ತ ನೋಡುವುದಿಲ್ಲ. ಪರದೆಯ ಹಿಂದೆ ಒಂದು ಚಾಪೆ ಹಾಸಿರುತ್ತಾರೆ. ಕರೆದಾದ ಮೇಲೆ ಒಬ್ಬರು ಹಿಂದೆ ಹೋಗಿ, ಬಾಳವ್ವ ಬಂದಿದ್ದಾಳೋ ಅಂತ ನೋಡಿ ಬರುತ್ತಾರೆ. ಅವರು ಬಂದು ಕೂತ ಮೇಲೆ ಚಿತ್ರ ಶುರುವಾಗುತ್ತದೆ.