ಉಸಿರಿಲ್ಲದ ಸಾಲು

ಹೊಳೆದಂಡೆಯ ಒಂದು ಆಶ್ರಮದಲ್ಲಿ ವರದಯ್ಯ ಮೇಷ್ಟ್ರು ಅಂತ ಒಬ್ಬರಿದ್ದರು. ಕಾವಿ ಉಟ್ಟವರಲ್ಲ, ಪ್ರವಚನ ಮಾಡಿದವರೂ ಅಲ್ಲ. ಯಾರೋ ಪುಣ್ಯಾತ್ಮರು ಆಶ್ರಮಕ್ಕೆ ಕೊಟ್ಟುಹೋದ ಹಳೇ ಪಿಯಾನೊ ಒಂದಿತ್ತು, ಅದನ್ನು ಕಲಿಸುತ್ತಿದ್ದರು.

ಅವರ ಪಾಠದ ಕ್ರಮವೇ ಬೇರೆ. ಮೊದಲ ವರ್ಷ ಶಿಷ್ಯರು ಪಿಯಾನೊ ಮುಟ್ಟುವ ಹಾಗಿಲ್ಲ. ಹಾಡುವವರಿಗೆ ಬೆನ್ನು ಮಾಡಿ ಕೂತು, ಕಣ್ಣು ಮುಚ್ಚಿ, ಅವರು ಉಸಿರು ಎಳೆದಾಗಲೆಲ್ಲ ಒಂದು ಬೆರಳು ಎತ್ತಬೇಕು. ಅಷ್ಟೇ ಪಾಠ. ಇದೇನು ಸಂಗೀತವೋ ಡಾಕ್ಟರ ತಪಾಸಣೆಯೋ ಅಂತ ಬೇಸತ್ತು ಕಾಲಿಗೆ ಬುದ್ಧಿ ಹೇಳಿದವರೇ ಹೆಚ್ಚು.

ಚಾರುಮತಿ ಮಾತ್ರ ಓಡಿಹೋಗಲಿಲ್ಲ. ಏಳು ವರ್ಷ ಕಲಿತು, ಪಟ್ಟಣಕ್ಕೆ ಹೋಗಿ, ತನ್ನ ಹಾಡು ತಾನೇ ಬರೆದು, ತಾನೇ ನುಡಿಸಿಕೊಂಡು ಹಾಡುವವಳು ಅಂತ ಹೆಸರು ಮಾಡಿದಳು.

ಅವಳು ಒಂದು ಮಂಗಳವಾರ ಬೆಳಿಗ್ಗೆ ಮೇಷ್ಟ್ರನ್ನು ಹುಡುಕಿಕೊಂಡು ಬಂದಳು. ಶುಕ್ರವಾರ ಅವಳ ಮೊದಲ ಆಲ್ಬಂ ಬಿಡುಗಡೆ. ಯಾವ ಕಂಪನಿಯ ಹಂಗೂ ಇಲ್ಲ, ಜೊತೆಗೆ ಇನ್ನೊಂದು ವಾದ್ಯವೂ ಇಲ್ಲ. ಒಂಬತ್ತು ಹಾಡು, ಒಂದು ಪಿಯಾನೊ, ಒಂದು ಗಂಟಲು. ಹೆಸರು 'ಒಬ್ಬಳೇ'.

ಎಲ್ಲರಿಗಿಂತ ಮೊದಲು ಮೇಷ್ಟ್ರು ಕೇಳಬೇಕು, ತಲೆಯ ಮೇಲೆ ಕೈಯಿಡಬೇಕು ಅನ್ನುವುದು ಅವಳ ಆಸೆ.

ಕೊನೆಯ ಹಾಡು ಅಮ್ಮನಿಗಾಗಿ ಬರೆದದ್ದು. ಎರಡು ವರ್ಷದ ಹಿಂದೆ ಅಮ್ಮ ಆಸ್ಪತ್ರೆಯಲ್ಲಿ ತೀರಿಕೊಂಡಾಗ ಚಾರುಮತಿ ಹತ್ತಿರ ಇರಲಿಲ್ಲ. ಬಸ್ಸು ತಪ್ಪಿತ್ತು ಅಂತ ನೆಂಟರಿಗೆಲ್ಲ ಹೇಳಿದ್ದಳು. ಅವರೂ ಋಣ ಅಷ್ಟೇ ಇತ್ತು ಬಿಡು ಅಂತ ಸಮಾಧಾನ ಹೇಳಿದ್ದರು. ಮೇಷ್ಟ್ರಿಗೂ ಗೊತ್ತಿದ್ದದ್ದು ಅದೇ.

ಹಾಡಿನಲ್ಲಿ ಮಗಳೊಬ್ಬಳು ದೂರದಿಂದ ಮನೆಗೆ ಬರುತ್ತಾಳೆ. ಹೊಸ್ತಿಲ ಆಚೆ ನಿಂತು ಕರೆಯುತ್ತಾಳೆ: 'ಬಂದೆ ಅಮ್ಮಾ, ಬಾಗಿಲು ತೆಗಿ.' ಅಲ್ಲಿಗೆ ಹಾಡು ಮುಗಿಯುತ್ತದೆ.

ಮೇಷ್ಟ್ರು ಕಂಬಕ್ಕೆ ಒರಗಿ ಕೂತು ಕಣ್ಣು ಮುಚ್ಚಿದರು. ಚಾರುಮತಿ ಫೋನಿನಿಂದ ಒಂದೊಂದೇ ಹಾಡು ಹಾಕಿದಳು. ಅವಳು ಉಸಿರು ಎಳೆದ ಕಡೆಯೆಲ್ಲ ಮೇಷ್ಟ್ರ ಬೆರಳು ತಪ್ಪದೆ ಏಳುತ್ತಿತ್ತು. ಎಂಬತ್ತರ ಹತ್ತಿರ ಬಂದರೂ ಕಿವಿ ಚುರುಕಾಗಿದೆಯಲ್ಲ ಅಂತ ಅವಳಿಗೆ ಖುಷಿಯಾಯಿತು.

ಒಂಬತ್ತನೇ ಹಾಡು ಬಂತು. ಕೊನೆಯ ಸಾಲೂ ಬಂತು. ಬೆರಳು ಏಳಲಿಲ್ಲ.

ಮೇಷ್ಟ್ರು ಕಣ್ಣು ಬಿಟ್ಟರು.

"ಕೊನೇ ಸಾಲು ಯಾರು ಹಾಡಿದ್ದು?"

ಚಾರುಮತಿಗೆ ಏನು ಕೇಳುತ್ತಿದ್ದಾರೆ ಅಂತಲೇ ಹೊಳೆಯಲಿಲ್ಲ. ಎಲ್ಲ ನಾನೇ, ಬರೆದದ್ದೂ ನಾನೇ, ನುಡಿಸಿದ್ದೂ ನಾನೇ, ಬೇರೆಯವರ ಒಂದು ಸ್ವರವೂ ಇದರಲ್ಲಿಲ್ಲ ಅಂದಳು.

"ಹಾಡಿದೋರನ್ನ ಕರ್ಕೊಂಡು ಬಾಮ್ಮ. ಆಮೇಲೆ ನೋಡೋಣ."

ಅಷ್ಟು ಹೇಳಿ ಮೇಷ್ಟ್ರು ಟವಲು ಹೆಗಲಿಗೆ ಹಾಕಿಕೊಂಡು ಸ್ನಾನಕ್ಕೆ ಹೊಳೆಗೆ ಇಳಿದರು.

ಚಾರುಮತಿ ಕೂತಲ್ಲೇ ಕೂತಳು. ಆಶೀರ್ವಾದ ಕೇಳಲು ಬಂದವಳಿಗೆ ಕಪಾಳಕ್ಕೆ ಬಿಟ್ಟ ಹಾಗಾಗಿತ್ತು. ಮುದುಕರಿಗೆ ಅರಳುಮರಳು ಅಂದುಕೊಂಡಳು. ಹಾಗಂದುಕೊಂಡದ್ದಕ್ಕೆ ನಾಚಿಕೆಯೂ ಆಯಿತು. ಸಿಟ್ಟಿನಲ್ಲೇ ಬಸ್ಸು ಹತ್ತಿದಳು.

ದಾರಿಯಲ್ಲಿ ಇಯರ್‌ಫೋನ್ ಹಾಕಿಕೊಂಡು ಕೊನೆಯ ಸಾಲನ್ನು ಮತ್ತೆ ಕೇಳಿದಳು. ಬೆರಳು ಎತ್ತಲು ಕಾದಳು. ಎತ್ತುವ ಜಾಗವೇ ಸಿಗಲಿಲ್ಲ. ಹತ್ತು ಸಲ ಕೇಳಿದಳು. ಸಾಲಿನ ಹಿಂದೆ ಉಸಿರೇ ಇರಲಿಲ್ಲ. ಸಿಟ್ಟು ಇಳಿದು ಅವಳಿಗೆ ಭಯ ಹತ್ತಿತು.

ಉಸಿರನ್ನು ಯಾವ ಕಾರಣಕ್ಕೂ ಅಳಿಸಬಾರದು ಅಂತ ಅವಳು ರೆಕಾರ್ಡಿಂಗಿನ ಫಣೀಂದ್ರನಿಗೆ ಮೊದಲ ದಿನವೇ ತಾಕೀತು ಮಾಡಿದ್ದಳು. ಮೇಷ್ಟ್ರ ಪಾಠ ಅಲ್ಲವೇ. ಅವನೂ ಉಳಿದ ಎಂಟು ಹಾಡಿನಲ್ಲಿ ಅದನ್ನು ಪಾಲಿಸಿದ್ದ.

ಸ್ಟುಡಿಯೋಗೆ ನುಗ್ಗಿದವಳೇ ಕೇಳಿದಳು. "ಕೊನೇ ಸಾಲಿನ ಉಸಿರು ಎಲ್ಲಿ ಫಣಿ?"

ಫಣೀಂದ್ರ ಹೆಡ್‌ಫೋನು ತೆಗೆದು ಕೆಳಗಿಟ್ಟ. ಒಳ್ಳೆಯ ಮನುಷ್ಯ, ಸುಳ್ಳು ಹೇಳಿ ಅಭ್ಯಾಸ ಇಲ್ಲ. ತಡವರಿಸುತ್ತ ಎಲ್ಲ ಬಾಯಿಬಿಟ್ಟ.

ಆ ಸಾಲಿಗಾಗಿ ಹನ್ನೊಂದು ದಿನ ಒದ್ದಾಡಿದ್ದರು. ಹನ್ನೊಂದು ದಿನವೂ 'ಬಂದೆ' ಅನ್ನುವಾಗ ಅವಳ ಗಂಟಲು ಕಟ್ಟುತ್ತಿತ್ತು. ಬಿಸಿನೀರು ಕುಡಿದದ್ದಾಯಿತು, ಶ್ರುತಿ ಇಳಿಸಿದ್ದಾಯಿತು, ಜ್ಯೇಷ್ಠಮಧು ಜಗಿದದ್ದಾಯಿತು. ಹನ್ನೆರಡನೇ ದಿನ ಫಣೀಂದ್ರ, ಈವರೆಗೆ ಹಾಡಿಸಿದ ಟೇಕುಗಳಲ್ಲಿ ಒಂದು ಚೆನ್ನಾಗಿ ಬಂದಿತ್ತು, ಅದನ್ನೇ ಹಾಕಿದ್ದೇನೆ ಅಂದಿದ್ದ. ಅವಳಿಗೆ ನಂಬಬೇಕಿತ್ತು, ನಂಬಿದ್ದಳು. ಕೇಳಿ ಅತ್ತೂ ಇದ್ದಳು.

ಅಂಥ ಟೇಕು ಇರಲೇ ಇಲ್ಲ. ಅವನು ಆ ಸಾಲನ್ನು ಜೋಡಿಸಿದ್ದ. 'ಬಂದೆ' ಅವಳ ಎರಡನೇ ಹಾಡಿನದು, ಅಲ್ಲಿ ಅದು ಯಾರೋ ಗೆಳತಿಗೆ ಅಂದ ಮಾತು. 'ಅಮ್ಮಾ' ಆರನೆಯದರದು.

"ಬಾಗಿಲು ತೆಗಿ?" ಅಂತ ಚಾರುಮತಿ ಕೇಳಿದಳು. ಆ ಮಾತು ಬೇರೆ ಯಾವ ಹಾಡಿನಲ್ಲೂ ಇಲ್ಲ.

ಫಣೀಂದ್ರ ತಲೆ ತಗ್ಗಿಸಿದ. ಒಂದು ಮಧ್ಯಾಹ್ನ ಕರೆಂಟು ಹೋಗಿ ಬಂದು, ಸ್ಟುಡಿಯೋದ ಏಸಿ ಕೆಟ್ಟಿತ್ತು. ಸೆಕೆ ತಡೆಯಲಾರದೆ ಅವಳು ಅವನಿಗೆ, ಬಾಗಿಲು ತೆಗಿ ಮಾರಾಯ ಅಂದಿದ್ದಳು. ಮೈಕು ಆನ್ ಆಗಿತ್ತು. ಅದನ್ನೇ ಎಳೆದು ರಾಗಕ್ಕೆ ಕೂರಿಸಿದ್ದ.

ಸತ್ತ ಅಮ್ಮನಿಗೆ ಅಂತ ಚಾರುಮತಿ ಅತ್ತು ಕೇಳಿದ್ದು ಸೆಕೆಗೆ ಗೊಣಗಿದ ಮಾತನ್ನ. ಅದನ್ನು ತಾನೇ ಹಾಡಿದ್ದು ಅಂತ ಮೂರು ದಿನ ಬಿಟ್ಟು ಊರಿಗೆಲ್ಲ ಕೇಳಿಸುವವಳಿದ್ದಳು. ನಗಬೇಕೋ ಅಳಬೇಕೋ ತಿಳಿಯದೆ ಕುರ್ಚಿ ಹಿಡಿದುಕೊಂಡು ಕೂತಳು.

"ನೀನು ದಿನಾ ಅಳ್ತಿದ್ದೆ, ನೋಡೋಕಾಗ್ಲಿಲ್ಲ" ಅಂದ ಫಣೀಂದ್ರ.

ಮರುದಿನ ಅವಳು ಮತ್ತೆ ಆಶ್ರಮದಲ್ಲಿದ್ದಳು. ಮೇಷ್ಟ್ರ ಎದುರು ಕೂತು ನಡೆದದ್ದೆಲ್ಲ ಒಪ್ಪಿಸಿದಳು.

"ಆ ಸಾಲು ಯಾರೂ ಹಾಡಿಲ್ಲ ಮೇಷ್ಟ್ರೇ. ಹಾಡಿದೋರನ್ನ ಎಲ್ಲಿಂದ ಕರ್ಕೊಂಡು ಬರಲಿ?"

ಮೇಷ್ಟ್ರು ಪಿಯಾನೊ ಕಡೆ ಕೈ ತೋರಿಸಿದರು.

ಅವಳು ಕೂತು ಹಾಡನ್ನು ಮೊದಲಿನಿಂದ ಹಾಡಿದಳು. ಗಂಟಲು ತಿಳಿಯಾಗಿತ್ತು. ಕೊನೆಯ ಸಾಲಿಗೆ ಬಂದಳು. ಉಸಿರು ಎಳೆದಳು. 'ಬಂದೆ' ಅನ್ನಲು ಹೋದಳು, ಗಂಟಲು ಕಟ್ಟಿತು.

ಮತ್ತೆ ಹಾಡಿದಳು, ಮತ್ತೆ ಕಟ್ಟಿತು. ಮೂರನೇ ಸಲವೂ ಅಷ್ಟೇ.

ನನ್ನ ಗಂಟಲೇ ನನಗೆ ಶತ್ರು ಆಗಿದೆ, ಇದಕ್ಕೆ ಏನಾದರೂ ಸಾಧನೆ ಹೇಳಿಕೊಡಿ ಅಂತ ಅಂಗಲಾಚಿದಳು.

"ಹಾಡ್ಬೇಡ. ಆ ಮಾತನ್ನ ನನಗೆ ಸುಮ್ನೆ ಹೇಳು" ಅಂದರು ಮೇಷ್ಟ್ರು.

ಅವಳು ಬಾಯಿ ತೆರೆದಳು. ಹೇಳುವುದಕ್ಕೂ ಆಗಲಿಲ್ಲ. ಎರಡಕ್ಷರ, ಎಳೇ ಮಗುವೂ ಅನ್ನುವ ಮಾತು. ತುಟಿ ಅಲುಗಿತು, ಧ್ವನಿ ಹೊರಡಲಿಲ್ಲ.

"ಮುಂಚೆ ಯಾರಿಗಾದ್ರೂ ಆ ಮಾತು ಹೇಳಿದ್ದೀಯೇನು?" ಅಂತ ಮೇಷ್ಟ್ರು ಮೆಲ್ಲಗೆ ಕೇಳಿದರು.

ಚಾರುಮತಿ ಪಿಯಾನೊದಿಂದ ಕೈ ತೆಗೆದಳು.

ಹೇಳಿದ್ದಳು. ಫೋನಿನಲ್ಲಿ. ಆಸ್ಪತ್ರೆಯಿಂದ ಅಮ್ಮ ತಾನೇ ಫೋನು ಮಾಡಿದ್ದಳು, ಬರ್ತೀಯೇನೇ ಅಂತ. 'ಬಂದೆ ಅಮ್ಮಾ, ಹೊರಟೆ' ಅಂದಿದ್ದಳು ಚಾರುಮತಿ. ಅನ್ನುವಾಗ ಅವಳು ಸಭಾಂಗಣದ ಹಿಂದೆ ಮುಖಕ್ಕೆ ಬಣ್ಣ ಹಚ್ಚಿಕೊಳ್ಳುತ್ತಿದ್ದಳು. ಅವಳ ಮೊದಲ ದೊಡ್ಡ ಕಾರ್ಯಕ್ರಮ. ಒಂದು ದಿನದಲ್ಲಿ ಏನಾಗುತ್ತದೆ, ಮುಗಿಸಿಕೊಂಡೇ ಹೋದರಾಯಿತು ಅಂದುಕೊಂಡಿದ್ದಳು. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದ್ದರು. ಅಷ್ಟರಲ್ಲಿ ಅಮ್ಮ ಇರಲಿಲ್ಲ.

"ಬಸ್ಸು ತಪ್ಪಿರಲಿಲ್ಲ ಮೇಷ್ಟ್ರೇ" ಅಂದಳು. "ನಾನು ಬಸ್‌ಸ್ಟ್ಯಾಂಡಿಗೇ ಹೋಗಿರಲಿಲ್ಲ."

ಅವಳು ಇದನ್ನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ಹೇಳಿದ ಮೇಲೆ ತನ್ನ ಮಾತಿಗೆ ತಾನೇ ಬೆಚ್ಚಿದಳು. ಎರಡು ವರ್ಷ ಹೇಳಿ ಹೇಳಿ ಆ ಬಸ್ಸನ್ನು ಅವಳೇ ಎಷ್ಟು ನಂಬಿದ್ದಳೆಂದರೆ, ಅದರ ಬಣ್ಣ ಕೂಡ ಅವಳಿಗೆ ನೆನಪಿತ್ತು.

ಮೇಷ್ಟ್ರು ಬೈಯಲಿಲ್ಲ, ಸಮಾಧಾನವನ್ನೂ ಮಾಡಲಿಲ್ಲ. ಎದ್ದು ಬಂದು ಅವಳ ಪಕ್ಕ ಬೆಂಚಿನ ಮೇಲೆ ಕೂತರು.

"ನಿನ್ನ ಗಂಟಲು ಏಳು ವರ್ಷ ನನ್ನ ಹತ್ರ ಕಲಿತದ್ದು ಕಣಮ್ಮ. ಸುಳ್ಳು ಹಾಡು ಅಂದ್ರೆ ಹೆಂಗೆ ಹಾಡುತ್ತೆ?"

ಚಾರುಮತಿ ಮತ್ತೆ ಪಿಯಾನೊ ಕಡೆ ತಿರುಗಿದಳು. ಮೊದಲಿನಿಂದ ಹಾಡಿದಳು. ಹಾಡಿನ ಕೊನೆಗೆ ಬಂದಾಗ, ಬರೆದಿಟ್ಟ ಸಾಲನ್ನು ಬಿಟ್ಟು ಬೇರೆಯದೇ ಅವಳ ಬಾಯಿಗೆ ಬಂತು.

'ಬರಲಿಲ್ಲ ಅಮ್ಮಾ. ನಾನು ಬರಲೇ ಇಲ್ಲ.'

ಗಂಟಲು ಕಟ್ಟಲಿಲ್ಲ. 'ಅಮ್ಮಾ' ಅನ್ನುವಲ್ಲಿ ಸ್ವರ ಒಡೆಯಿತು, ಅವಳು ಅದನ್ನು ಸರಿಮಾಡಲು ಹೋಗಲಿಲ್ಲ.

ಆಮೇಲೆ ಅವಳಿಗೆ ಶುಕ್ರವಾರ ನೆನಪಾಯಿತು. ಈ ಸಾಲು ಹೊರಗೆ ಹೋದರೆ ನೆಂಟರು, ಸ್ನೇಹಿತರು, ಅವತ್ತು ಚಪ್ಪಾಳೆ ತಟ್ಟಿದ ಜನ, ಎಲ್ಲರಿಗೂ ತಿಳಿಯುತ್ತದೆ.

"ಇದನ್ನ ನಾಲ್ಕು ಜನರ ಮುಂದೆ ಹೆಂಗಿಡಲಿ ಮೇಷ್ಟ್ರೇ? ಕೇಳಿದೋರು ಮುಖಕ್ಕೆ ಉಗೀತಾರೆ."

ಅವಳು ತಿರುಗಿ ನೋಡಿದಳು. ಮುದುಕರ ಕೆನ್ನೆ ಒದ್ದೆಯಾಗಿತ್ತು. ಏಳು ವರ್ಷದಲ್ಲಿ ಅವಳು ಅದನ್ನು ಕಂಡಿರಲಿಲ್ಲ.

"ಅಮ್ಮ ಕರೆದಾಗ ಹೋಗದೆ ಉಳಿದೋಳು ನೀನೊಬ್ಬಳೇ ಅಂದ್ಕೊಂಡಿದ್ದೀಯೇನಮ್ಮ?" ಅಂದರು.