ನೀಲಿಯ ಹೆಪ್ಪು

"ಬುದ್ಧೀ, ದುಬಾರಿ ಪಟ್ಟಣಕ್ಕೆ ಹೋಗುವವನು ಏನನ್ನು ಕಟ್ಟಿಕೊಂಡು ಹೋಗಬೇಕು, ಏನನ್ನು ಬಿಟ್ಟು ಹೋಗಬೇಕು?" ಎಂದು ಮುರಿಗೆಪ್ಪ ಕೇಳಿದ.

ಗುರುಗಳು ಮಠದ ಜಗಲಿಯಲ್ಲಿ ಕುಳಿತು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದರು. ಮುರಿಗೆಪ್ಪ ಅವರ ಬಳಿ ಒಂಬತ್ತು ವರ್ಷ ಓದಿದವನು. ರಾಜಧಾನಿಯ ದೊಡ್ಡ ಪಾಠಶಾಲೆಯಲ್ಲಿ ಮುಂದಿನ ಓದಿಗೆ ಅವನಿಗೆ ಜಾಗ ಸಿಕ್ಕಿತ್ತು. ಪಾಠ ಪುಕ್ಕಟೆ. ಇರುವುದು, ಉಣ್ಣುವುದು ಅವರವರ ಪಾಡು. ಪಾಡು ಸಾಗದಿದ್ದರೆ ಓದು ಬಿಟ್ಟು ಬರಬೇಕು. ಹಾಗೆ ಬಂದ ಇಬ್ಬರನ್ನು ಅವನು ಕಣ್ಣಾರೆ ಕಂಡಿದ್ದ. ತಾನು ಮೂರನೆಯವನಾಗಬಾರದು ಎಂಬುದೇ ಅವನ ಚಿಂತೆ.

"ನೀನು ಏನು ಸಿದ್ಧತೆ ಮಾಡಿಕೊಂಡಿದ್ದೀಯ?" ಎಂದರು ಗುರುಗಳು.

"ಆರು ತಿಂಗಳಿಂದ ಮಾಡಿಕೊಳ್ಳುತ್ತಿದ್ದೇನೆ ಬುದ್ಧಿ. ಒಪ್ಪತ್ತು ಊಟ. ಒಂದೇ ಚಾಪೆ. ಯಾರಿಂದಲೂ ಏನೂ ತೆಗೆದುಕೊಳ್ಳುವುದಿಲ್ಲ, ಯಾರಿಗೂ ಏನೂ ಕೊಡುವುದಿಲ್ಲ. ನಿನ್ನೆ ಸಂಜೆ ಪಕ್ಕದ ಕೋಣೆಯ ಕರಿಬಸವ ಬಂದು ಬಾಗಿಲು ತಟ್ಟಿದ. ಮೂರು ಸಲ ಹೆಸರು ಹಿಡಿದು ಕೂಗಿದ. ನಾನು ಒಳಗೇ ಇದ್ದೆ, ತೆರೆಯಲಿಲ್ಲ. ಪಟ್ಟಣದಲ್ಲಿ ಯಾರು ತಟ್ಟಿದರೂ ತೆರೆಯುವುದಿಲ್ಲವಂತೆ. ಈಗಿನಿಂದಲೇ ರೂಢಿಯಾಗಲಿ ಎಂದುಕೊಂಡೆ."

"ಕರಿಬಸವ ಇವತ್ತು ಬೆಳಿಗ್ಗೆ ನನಗೆ ಹೇಳಿ ಯಾತ್ರೆಗೆ ಹೊರಟುಹೋದ."

"ಹೌದಂತೆ ಬುದ್ಧಿ. ದಾರಿಗೆ ಕಂಬಳಿಯನ್ನೋ ಚೊಂಬನ್ನೋ ಕೇಳಲು ಬಂದಿದ್ದನೇನೋ."

ಗುರುಗಳು ಒಂದು ಬೀಜ ಬಿಡಿಸಿ ಪಕ್ಕಕ್ಕಿಟ್ಟರು. "ಕೂತುಕೋ. ನಿನಗಿಂತ ಅಚ್ಚುಕಟ್ಟಾಗಿ ಸಿದ್ಧನಾದವನೊಬ್ಬನಿದ್ದ. ಅವನ ಕತೆ ಹೇಳುತ್ತೇನೆ" ಎಂದರು.

ಒಂದು ಸಣ್ಣ ಊರಿನಲ್ಲಿ ಒಬ್ಬ ಬಣ್ಣಗಾರನಿದ್ದ. ನೂಲಿಗೆ ನೀಲಿ ಬಣ್ಣ ಹಾಕುವುದು ಅವನ ಕಸುಬು. ನೂಲು ಕೊಡುತ್ತಿದ್ದ ವರ್ತಕರೆಲ್ಲ ಒಬ್ಬೊಬ್ಬರಾಗಿ ಪಟ್ಟಣ ಸೇರಿದರು. ಅವರ ಹಿಂದೆ ಬಣ್ಣಗಾರರೂ ಹೋದರು. ಊರಿನಲ್ಲಿ ಉಳಿದ ಬಣ್ಣಗಾರರೆಂದರೆ ಇವನೊಬ್ಬ, ಎದುರು ಮನೆಯ ಮುದುಕಿಯೊಬ್ಬಳು. ಬರುವ ವರ್ಷ ತಾನೂ ಹೋಗಬೇಕೆಂದು ಇವನು ನಿಶ್ಚಯಿಸಿದ.

ಆ ಪಟ್ಟಣ ಭಾರಿ ದುಬಾರಿ. ನೆಲವನ್ನು ಗೇಣಿನಲ್ಲಿ ಅಳೆದು ಬಾಡಿಗೆ ಹೇಳುತ್ತಾರೆ. ನೀರಿಗೆ ಬೆಲೆ, ಸೌದೆಗೆ ಬೆಲೆ, ನೆರಳಿಗೆ ಮಾತ್ರ ಇನ್ನೂ ಬೆಲೆ ಇಟ್ಟಿಲ್ಲ ಎಂದು ಹೋಗಿ ಬಂದವರು ಹೇಳುತ್ತಿದ್ದರು. ಅಲ್ಲಿ ಯಾರಿಗೆ ಯಾರೂ ಇಲ್ಲ ಎಂದೂ ಹೇಳುತ್ತಿದ್ದರು. ಬಣ್ಣಗಾರ ಎಲ್ಲವನ್ನೂ ಕೇಳಿಸಿಕೊಂಡ. ತನ್ನ ಕೈಯಲ್ಲಿ ಇರುವುದಕ್ಕೆ ಅಲ್ಲಿ ಎಷ್ಟು ಜಾಗ ಸಿಕ್ಕೀತು ಎಂದು ವಿಚಾರಿಸಿದ. ಆರು ಮೊಳ ಅಗಲ, ಒಂಬತ್ತು ಮೊಳ ಉದ್ದ ಎಂದು ತಿಳಿಯಿತು. ಮನೆಗೆ ಬಂದು ನಡುಮನೆಯಲ್ಲಿ ಅಷ್ಟೇ ಅಳತೆಗೆ ಸುಣ್ಣದ ಗೆರೆ ಎಳೆದ. "ಇನ್ನು ಒಂದು ವರ್ಷ ಇದರೊಳಗೇ ನಮ್ಮ ಬಾಳು" ಎಂದು ಹೆಂಡತಿಗೆ ಹೇಳಿದ.

ಹಾಸಿಗೆ ಇದ್ದಷ್ಟು ಕಾಲು ಚಾಚು ಎನ್ನುತ್ತಾರೆ. ಇವನು ಹಾಸಿಗೆ ಬರುವ ಮೊದಲೇ ಕಾಲು ಮಡಚಿ ಕುಳಿತ.

ಹೆಂಡತಿ ಮೊದಮೊದಲು ನಕ್ಕಳು. ಒಂದು ದಿನ ಅಡುಗೆ ಮಾಡುತ್ತಾ, "ರೀ, ಉಪ್ಪಿನ ಭರಣಿ ಗೆರೆ ಆಚೆ ಉಳಿದೈತೆ. ತರಲೋ ಬೇಡವೋ?" ಎಂದು ಕೇಳಿದಳು.

"ಪಟ್ಟಣದಾಗೆ ಆಚೆ ಅನ್ನೋದೇ ಇರಲ್ಲ, ಬಿಡು" ಎಂದ.

ಆ ದಿನ ಇಬ್ಬರೂ ಸಪ್ಪೆ ಉಂಡರು. ಮನೆಯ ಬೆಕ್ಕು ಮಾತ್ರ ಗೆರೆಗೆ ಸೊಪ್ಪು ಹಾಕಲಿಲ್ಲ.

ದಿನಕ್ಕೆ ಒಂದೇ ಸಲ ಒಲೆ ಹಚ್ಚಿದರು. ನೆಂಟರಿಗೆ ಬರಬೇಡಿ ಎಂದು ಹೇಳಿ ಕಳಿಸಿದರು. ಬಾಗಿಲು ಹಾಕಿಕೊಂಡೇ ಇರುವುದನ್ನು ಕಲಿತರು. ಬಣ್ಣಗಾರ ತನ್ನ ಬಾನಿಗೂ ಒಪ್ಪತ್ತು ಮಾಡಿಸಿದ.

ಬಾನಿಯ ವಿಷಯ ನಿನಗೆ ಹೇಳಬೇಕು. ನೀಲಿಯನ್ನು ನೀರಿನಲ್ಲಿ ಕಲಸಿದ ಮಾತ್ರಕ್ಕೆ ಬಣ್ಣವಾಗುವುದಿಲ್ಲ. ದೊಡ್ಡ ಮಣ್ಣಿನ ಬಾನಿಯಲ್ಲಿ ನೀಲಿ, ಸುಣ್ಣ, ಬೇಯಿಸಿದ ತಗಚೆ ಬೀಜ ಹಾಕಿ, ಅದಕ್ಕೆ ಹಳೆಯ ಬಾನಿಯಿಂದ ಒಂದು ಕೊಡ ತಂದು ಸುರಿಯಬೇಕು. ಹಾಲಿಗೆ ಹೆಪ್ಪು ಹಾಕಿದಂತೆ. ಆಗ ಹುದುಗು ಬಂದು ಮೇಲೆ ತಾಮ್ರದ ಬಣ್ಣದ ಕೆನೆ ಕಟ್ಟುತ್ತದೆ. ಬಾನಿಗೆ ಜೀವ ಬಂತು ಎನ್ನುತ್ತಾರೆ. ಅದರಲ್ಲಿ ಅದ್ದಿದ ನೂಲು ಹಸಿರಾಗಿ ಮೇಲೆ ಬಂದು, ಗಾಳಿ ತಾಗಿದೊಡನೆ ನೀಲಿಯಾಗುತ್ತದೆ. ಜೀವ ಹೋದ ಬಾನಿಯಲ್ಲಿ ಅದ್ದಿದ ನೂಲು ಒಂದೇ ಒಗೆತಕ್ಕೆ ಬಣ್ಣ ಬಿಡುತ್ತದೆ. ಬಾನಿಯನ್ನು ದಿನವೂ ಕಲಕಬೇಕು, ಮೂರು ದಿನಕ್ಕೊಮ್ಮೆ ತಗಚೆ ಉಣಿಸಬೇಕು. ಎಷ್ಟು ನೋಡಿಕೊಂಡರೂ ಯಾರ ಬಾನಿ ಯಾವಾಗ ಸಾಯುತ್ತದೆ ಎಂದು ಹೇಳಲಾಗದು. ಚಳಿ ಹೆಚ್ಚಾದರೂ ಸಾಯುತ್ತದೆ.

ಆದ್ದರಿಂದ ಬಣ್ಣಗಾರರಲ್ಲಿ ಒಂದು ಪದ್ಧತಿ ಇತ್ತು. ಹೆಪ್ಪು ಕೇಳಿ ಬಂದವರನ್ನು ಬರಿಗೈಯಲ್ಲಿ ಕಳಿಸುವಂತಿಲ್ಲ. ಹೆಪ್ಪನ್ನು ಮಾರುವಂತಿಲ್ಲ. ಹಗೆ ಬಂದು ನಿಂತರೂ ಕೊಡಬೇಕು. ಬೇಕಾದರೆ ಬೈಯುತ್ತಾ ಕೊಡಬಹುದು.

ಆ ವರ್ಷದ ಚಳಿಗೆ ಮುದುಕಿಯ ಬಾನಿ ಸತ್ತಿತು. ಅವಳು ಕೊಡ ಹಿಡಿದು ಬಂದಳು.

"ನನ್ನ ಬಾನಿ ಚಳಿಗೆ ಸತ್ತೋಯ್ತು ಕಣಪ್ಪ. ಒಂದು ಕೊಡ ಹೆಪ್ಪು ಕೊಡು."

"ಪಟ್ಟಣದಾಗೆ ನನಗೆ ಕೊಡೋರು ಯಾರೂ ಇರಲ್ಲ ಅಜ್ಜಿ. ನಾನೂ ಕೊಡದೆ ಇರೋದನ್ನ ಈಗ್ಲೇ ಕಲೀಬೇಕು."

ತಮಾಷೆ ಮಾಡುತ್ತಿದ್ದಾನೆ ಎಂದುಕೊಂಡು ಮುದುಕಿ ಸ್ವಲ್ಪ ಹೊತ್ತು ನಿಂತಳು. ಆ ಬೀದಿಯಲ್ಲಿ ಅಂಥ ಮಾತನ್ನು ಅವಳು ಹುಟ್ಟಿದ ಮೇಲೆ ಕೇಳಿರಲಿಲ್ಲ. ಅವನು ಬಾಗಿಲು ಹಾಕಿದ ಮೇಲೆ ಅವಳಿಗೆ ಅರ್ಥವಾಯಿತು. ಆ ಸಂಜೆ ಬಣ್ಣಗಾರನಿಗೆ ಅನ್ನ ಸೇರಲಿಲ್ಲ. ಅವನಿಗೆ ನಾಚಿಕೆಯಾಗಿತ್ತು. ಇದೂ ಅಭ್ಯಾಸದ ಕಷ್ಟಗಳಲ್ಲಿ ಒಂದು, ಹೋಗಹೋಗುತ್ತಾ ಸರಿಹೋಗುತ್ತದೆ ಎಂದುಕೊಂಡ. ಸರಿಹೋಯಿತು ಕೂಡ.

ಮುದುಕಿ ಕಸುಬು ಬಿಟ್ಟು ಮಂಡಕ್ಕಿ ಹುರಿಯಲು ಶುರುಮಾಡಿದಳು.

ವರ್ಷ ತುಂಬಿತು. ಬಣ್ಣಗಾರ ಎಲ್ಲವನ್ನೂ ಲೆಕ್ಕ ಹಾಕಿ ಗಾಡಿಗೆ ಏರಿಸಿದ. ಒಂದು ಕೊಡದಲ್ಲಿ ಹೆಪ್ಪು ತುಂಬಿ, ದಾರಿಯಲ್ಲಿ ತುಳುಕಬಾರದೆಂದು ಬಾಯಿಗೆ ಮೇಣ ಮೆತ್ತಿದ. ಬಾನಿಯನ್ನು ಕುಂಬಾರನಿಗೇ ಮಾರಿದ. ಉಳಿದ ನೀಲಿಯನ್ನು ಹೊರುವಂತಿರಲಿಲ್ಲ, ಮೋರಿಗೆ ಚೆಲ್ಲಿದ. ಅದು ಮುದುಕಿಯ ಮನೆಯ ಮುಂದೆಯೇ ಹರಿದುಹೋಯಿತು.

ಪಟ್ಟಣಕ್ಕೆ ಏಳು ದಿನದ ದಾರಿ. ಅಲ್ಲಿ ಬಣ್ಣಗಾರರ ಓಣಿಯಲ್ಲಿ ಅವನಿಗೆ ಸಿಕ್ಕ ಕೋಣೆ ಆರು ಮೊಳ ಅಗಲ, ಒಂಬತ್ತು ಮೊಳ ಉದ್ದವಿತ್ತು. ಹಿಂದೆ ಬಾನಿ ಇಡಲು ಅಂಗೈಯಗಲದ ಹಿತ್ತಲು. ತಾನು ಎಳೆದ ಗೆರೆಗೂ ಇಲ್ಲಿನ ಗೋಡೆಗೂ ಒಂದು ಬೆರಳಿನ ವ್ಯತ್ಯಾಸವಿಲ್ಲವೆಂದು ನೋಡಿ ಅವನಿಗೆ ಹೆಮ್ಮೆಯಾಯಿತು. ವರ್ತಕನೊಬ್ಬ ನೂಲು ಕೊಟ್ಟು, "ತಿಂಗಳೊಳಗೆ ಬಣ್ಣ ಹಾಕಿಕೊಡು. ಕೊಟ್ಟರೆ ವರ್ಷವಿಡೀ ಕೆಲಸ. ಇಲ್ಲವಾದರೆ ನನ್ನ ದಾರಿ ನನಗೆ" ಎಂದ.

ಬಣ್ಣಗಾರ ಹೊಸ ಬಾನಿ ತಂದು ನೀಲಿ, ಸುಣ್ಣ, ತಗಚೆ ಎಲ್ಲ ಹಾಕಿ ಕೊಡದ ಮೇಣ ಕಿತ್ತ. ಕೆಟ್ಟ ವಾಸನೆ ಹೊಡೆಯಿತು. ಆದರೂ ಸುರಿದ. ನಾಲ್ಕು ದಿನ ಕಾದ. ಕೆನೆ ಕಟ್ಟಲಿಲ್ಲ. ಒಂದು ವರ್ಷ ಅರೆಹೊಟ್ಟೆಯಲ್ಲಿದ್ದ ಹೆಪ್ಪು ಏಳು ದಿನದ ದಾರಿಯನ್ನು ತಡೆದುಕೊಂಡಿರಲಿಲ್ಲ.

ಐದನೆಯ ದಿನ ಬೆಳಿಗ್ಗೆ ಯಾರೋ ಬಾಗಿಲು ತಟ್ಟಿದರು. ಬಣ್ಣಗಾರ ಒಳಗಿನಿಂದಲೇ, "ಮುಂದೆ ಹೋಗಪ್ಪ, ಏನೂ ಇಲ್ಲ" ಎಂದ. ಹೆಜ್ಜೆ ಸಪ್ಪಳ ದೂರವಾಯಿತು. ಹೆಂಡತಿ ಕಿಟಕಿಯಿಂದ ನೋಡಿದಳು. ಹೋಗುತ್ತಿದ್ದವನು ಪಕ್ಕದ ಮನೆಯ ಬಣ್ಣಗಾರ. ಅವನ ಕೈಯಲ್ಲಿ ಎಲೆ ಮುಚ್ಚಿದ ಕೊಡವಿತ್ತು.

"ರೀ, ಆಯಪ್ಪ ಕೇಳಕ್ಕೆ ಬಂದಿದ್ದಲ್ಲ. ಕೊಡ ತುಂಬಿತ್ತು. ನಮ್ಮ ಬಾನಿ ಎದ್ದಿಲ್ಲ ಅಂತ ಗೊತ್ತಾಗೈತೆ ಅವನಿಗೆ. ನಾನೇ ಹೋಗಿ ಈಸ್ಕೊಂಡು ಬರ್ತೀನಿ."

"ಬೇಡ. ಇಲ್ಲಿ ಪುಕ್ಕಟೆ ಕೊಡೋರು ಯಾರೂ ಇಲ್ಲ. ಇವತ್ತು ಕೊಡ ಕೊಟ್ಟೋನು ನಾಳೆ ಬಾನಿ ಕೇಳ್ತಾನೆ."

ಒಂದು ವರ್ಷ ಕಷ್ಟಪಟ್ಟು ಕಲಿತದ್ದನ್ನು ಐದು ದಿನದಲ್ಲಿ ಬಿಟ್ಟುಕೊಡಲು ಅವನಿಗೆ ಮನಸ್ಸಾಗಲಿಲ್ಲ. ಇಷ್ಟರಲ್ಲಿ ಮುದುಕಿ ಬೇರೆಲ್ಲಿಂದಲೋ ಹೆಪ್ಪು ತಂದು ಬಾನಿ ಎಬ್ಬಿಸಿಕೊಂಡಿರುತ್ತಾಳೆ, ಊರಿಗೇ ಹೋಗಿ ತರುತ್ತೇನೆ ಎಂದು ಹೊರಟ. ಹೋಗಲು ಏಳು ದಿನ, ಬರಲು ಏಳು ದಿನ. ಗಡುವಿಗೆ ಇನ್ನೂ ಒಂದಿಷ್ಟು ದಿನ ಉಳಿಯುತ್ತದೆ ಎಂದು ಎಣಿಸಿಕೊಂಡ. ಎಣಿಕೆಯಲ್ಲಿ ಅವನು ಎಂದೂ ತಪ್ಪಿದವನಲ್ಲ.

ಊರಿಗೆ ಬಂದು ನೇರವಾಗಿ ಮುದುಕಿಯ ಮನೆಗೆ ಹೋದ. ಅವಳು ಒಲೆಯ ಮುಂದೆ ಕುಳಿತು ಮಂಡಕ್ಕಿ ಹುರಿಯುತ್ತಿದ್ದಳು. ಪಕ್ಕದಲ್ಲಿ ಅವಳ ಹಳೆಯ ಬಾನಿಯಲ್ಲಿ ಭತ್ತ ತುಂಬಿತ್ತು.

"ಅಜ್ಜಿ, ಒಂದು ಕೊಡ ಹೆಪ್ಪು ಬೇಕಿತ್ತು."

ಮುದುಕಿ ಅವನ ಕೊಡವನ್ನು ನೋಡಿದಳು. "ನಿನ್ನ ಹತ್ರ ಇದ್ದದ್ದೇ ಕೊನೇದು ಕಣಪ್ಪ. ನೀನು ಚೆಲ್ಲಿ ಹೋದ ಮೇಲೆ ಈ ಊರಾಗೆ ನೀಲಿ ಇಲ್ಲ" ಎಂದಳು. ಸಿಟ್ಟಿನಿಂದ ಹೇಳಲಿಲ್ಲ. ಇದ್ದದ್ದನ್ನು ಹೇಳಿದಳು.

ಆಮೇಲೆ ಅವನಿಗೆ ಊಟಕ್ಕೆ ಹಾಕಿದಳು. ದಾರಿಗೆಂದು ಒಂದು ಬಟ್ಟೆಯಲ್ಲಿ ಮಂಡಕ್ಕಿ ಕಟ್ಟಿಕೊಟ್ಟಳು. ಅವನು ಬಾಯಿತಪ್ಪಿ, "ಎಷ್ಟಾಯ್ತು?" ಎಂದು ಕೇಳಿಬಿಟ್ಟ. "ಪಟ್ಟಣಕ್ಕೆ ಹೋಗಿ ತಲೆ ಕೆಟ್ಟೈತಾ ನಿನಗೆ? ಎದ್ದು ನಡಿ" ಎಂದು ಮುದುಕಿ ಗದರಿದಳು.

ಊರ ಹೊರಗೆ ಬಂದು ಬಣ್ಣಗಾರ ಒಂದು ಕಲ್ಲಿನ ಮೇಲೆ ಕುಳಿತು ಅತ್ತ. ಅವತ್ತು ಅವಳಿಗೆ ಕೊಟ್ಟಿದ್ದರೆ ಇವತ್ತು ತನ್ನ ಹೆಪ್ಪು ಅವಳ ಬಾನಿಯಲ್ಲಿ ಬದುಕಿರುತ್ತಿತ್ತು. ತಾತ ಮುತ್ತಾತಂದಿರು ಹಗೆಗೂ ಹೆಪ್ಪು ಕೊಟ್ಟದ್ದು ಏಕೆಂದು ಅವನಿಗೆ ಆ ಕಲ್ಲಿನ ಮೇಲೆ ತಿಳಿಯಿತು. ಏಳು ದಿನ ಬರಿಗೊಡ ಹೊತ್ತು ನಡೆದ. ವರ್ತಕನ ಕೆಲಸ ಹೋಯಿತು, ಪಟ್ಟಣವೂ ಹೋಯಿತು, ಹೆಂಡತಿಗೆ ಮುಖ ತೋರಿಸುವುದು ಹೇಗೆ ಎಂದು ದಾರಿಯುದ್ದಕ್ಕೂ ಕೊರಗಿದ.

ಕೋಣೆಯ ಬಾಗಿಲು ತೆರೆದೇ ಇತ್ತು. ಹೆಂಡತಿ ಹಿತ್ತಲಿನಲ್ಲಿ ಬಾನಿಯ ಮುಂದೆ ಕುಳಿತಿದ್ದಳು. ಮೊಣಕೈವರೆಗೆ ಅವಳ ಕೈ ನೀಲಿಯಾಗಿತ್ತು. ಹಗ್ಗದ ಮೇಲೆ ನೂಲು ಒಣಗುತ್ತಿತ್ತು.

"ಯಾರು ಕೊಟ್ಟರು?" ಎಂದು ಕೇಳಿದ.

"ಅದೇ ಆಯಪ್ಪ. ನೀವು ಹೋದ ದಿನ ಸಂಜೆ ಮತ್ತೆ ಬಂದ. ಬಾಗಿಲು ತೆಗೆದೆ."

"ಬದಲಿಗೆ ಏನು ಕೇಳಿದ?"

"ಕೊಡ ವಾಪಸ್ ಕೇಳಿದ."

ಆ ಕೊಡ ಮೂಲೆಯಲ್ಲಿ ತೊಳೆದು ಕವುಚಿಟ್ಟಿತ್ತು. ಅದನ್ನು ಅವಳು ಇನ್ನೂ ಹಿಂದಿರುಗಿಸಿರಲಿಲ್ಲ. ಕೊಟ್ಟವರ ಪಾತ್ರೆಯನ್ನು ಬರಿದಾಗಿ ಕಳಿಸಬಾರದು. ಹಾಕಿ ಕಳಿಸೋಣವೆಂದರೆ ಆ ಮನೆಯಲ್ಲಿ ಒಂದು ಹಿಡಿಯೂ ಹೆಚ್ಚಿರಲಿಲ್ಲ. ಎಲ್ಲವೂ ಅಳೆದು ತಂದದ್ದು. ಬಣ್ಣಗಾರ ಹೆಗಲಿನ ಗಂಟು ಇಳಿಸಿ, ಮುದುಕಿ ಕಟ್ಟಿಕೊಟ್ಟದ್ದರಲ್ಲಿ ಉಳಿದಿದ್ದ ಮಂಡಕ್ಕಿಯನ್ನು ಕೊಡಕ್ಕೆ ಸುರಿದ. ಅದನ್ನು ಎತ್ತಿಕೊಂಡು ಹೋಗಿ ಪಕ್ಕದ ಮನೆಯ ಬಾಗಿಲು ತಟ್ಟಿದ. ಒಂದು ವರ್ಷದ ಮೇಲೆ ಅವನು ಇನ್ನೊಬ್ಬರ ಬಾಗಿಲು ತಟ್ಟಿದ್ದು ಅದೇ ಮೊದಲು.

ಗುರುಗಳು ಕತೆ ನಿಲ್ಲಿಸಿ ಮತ್ತೊಂದು ಹುಣಸೆಹಣ್ಣು ಕೈಗೆತ್ತಿಕೊಂಡರು. ಮುರಿಗೆಪ್ಪನ ಮುಖದಲ್ಲಿ ನಿರಾಳದ ನಗೆ ಮೂಡಿತು.

"ಅವನ ಪುಣ್ಯ ಬುದ್ಧಿ. ತಟ್ಟಿದವನು ಎರಡನೆಯ ಸಲವೂ ಬಂದ" ಎಂದ.

ಗುರುಗಳು ತಲೆ ಎತ್ತದೆ ಹೇಳಿದರು:

"ಕರಿಬಸವ ನಿನ್ನೆ ನಿನ್ನ ಬಾಗಿಲಲ್ಲಿ ನಿಂತಿದ್ದಾಗ ಅವನ ಕೈಯಲ್ಲಿ ಇದ್ದದ್ದು, ರಾಜಧಾನಿಯ ತನ್ನ ಅಕ್ಕನ ಮನೆಯಲ್ಲಿ ನಿನಗೆ ಇರಲು ಜಾಗ, ಉಣ್ಣಲು ಅನ್ನ ಕೊಡಬೇಕೆಂದು ಬರೆದ ಓಲೆ."