ಹೃದಯ ಮತ್ತು ಪಕ್ಕೆಲುಬು

ಮಾದೇವಿ ಎಂಬ ಹುಡುಗಿಯ ಹೃದಯಕ್ಕೆ ತನ್ನ ಸುತ್ತಲಿನ ಪಕ್ಕೆಲುಬುಗಳನ್ನು ಕಂಡರೆ ಆಗುತ್ತಿರಲಿಲ್ಲ. “ನಾನು ಹಗಲಿರುಳು ದುಡಿಯುತ್ತೇನೆ, ನೀವು ಸುಮ್ಮನೆ ನಿಂತಿರುತ್ತೀರಿ. ದೂರ ಸರಿಯಿರಿ!” ಎಂದು ಗದರುತ್ತಿತ್ತು. ಅವು ಜಾಗ ಬಿಟ್ಟು ಕದಲುತ್ತಿರಲಿಲ್ಲ.

ಒಂದು ದಿನ ಮಾದೇವಿ ಹುಣಸೆಮರದಿಂದ ಜಾರಿ ಕಲ್ಲಿನ ಮೇಲೆ ಬಿದ್ದಳು. ಎದೆಯಲ್ಲಿ ಲಟಕ್ಕೆಂದು ಸದ್ದಾಯಿತು. ತನ್ನ ಕತೆ ಮುಗಿಯಿತೆಂದೇ ಹೃದಯ ನಡುಗಿತು. ಆದರೆ ಅದಕ್ಕೇನೂ ಆಗಿರಲಿಲ್ಲ. ಎದುರಿಗಿದ್ದ ಪಕ್ಕೆಲುಬು ಬಿರುಕು ಬಿಟ್ಟಿತ್ತು.

“ನನಗೆ ಬೀಳಬೇಕಾದ ಪೆಟ್ಟನ್ನು ನೀನು ತಿಂದೆಯಾ?” ಎಂದಿತು ಹೃದಯ.

“ನಾವಿಲ್ಲಿ ನಿಂತಿರುವುದೇ ಅದಕ್ಕೆ,” ಎಂದಿತು ಪಕ್ಕೆಲುಬು.

“ಈಗ ನಾನೇನು ಮಾಡಲಿ?”

“ನಿನ್ನ ಕೆಲಸ ನಿಲ್ಲಿಸಬೇಡ. ನೀನು ಕಳಿಸುವ ರಕ್ತದಿಂದಲೇ ನಾನು ಮತ್ತೆ ಕೂಡಿಕೊಳ್ಳಬೇಕು.”

ಮಾದೇವಿ ಉಸಿರೆಳೆದಾಗಲೆಲ್ಲ ಪಕ್ಕೆಲುಬು ನರಳುತ್ತಿತ್ತು. ಹೃದಯ ನಾಚಿಕೆಯಿಂದ ಕುಗ್ಗಿಹೋಯಿತು. ಆದರೂ ಎಲುಬು ಕೂಡಿಕೊಳ್ಳುವವರೆಗೆ ಒಂದು ಬಡಿತವನ್ನೂ ತಪ್ಪಿಸದೆ ಅದರತ್ತ ರಕ್ತ ಕಳಿಸುತ್ತಲೇ ಇತ್ತು.